ಕಾರಿನ ಮೂಗು ಬದಲಿಸಿದ ಕಥೆ

ಎಂಜಿನ್‌ಗೆ ಹೆಚ್ಚು ಗಾಳಿ ಕೊಟ್ಟರೆ ಹೆಚ್ಚು ಶಕ್ತಿ ಬರುತ್ತದೆ, ನಿಜ. ಆದರೆ ಆ ಗಾಳಿ ಎಲ್ಲಿಂದ ಬರಬೇಕು, ಹೇಗೆ ಬರಬೇಕು? ಅಪ್ಪ–ಮಗ ಇಬ್ಬರೂ ದುಬಾರಿ ಫೀಸು ಕಟ್ಟಿ ಕಲಿತ ಪಾಠವಿದು.

‘ಅಪ್ಪಾ, ನಮ್ಮ ಕಾರಿಗೆ ಸರಿಯಾಗಿ ಉಸಿರಾಡೋಕೆ ಆಗ್ತಿಲ್ಲ.’

ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಮಗ ಹೀಗೆಂದಾಗ ನಾನು ಪೇಪರ್ ಓದುತ್ತಿದ್ದೆ. ಅವನಾಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ. ನಮ್ಮದು 1200 ಸಿಸಿಯ ಪೆಟ್ರೋಲ್ ಎಂಜಿನ್ ಇರುವ ಪುಟ್ಟ ಕಾರು. ಕೊಂಡು ಏಳು ವರ್ಷವಾಗಿತ್ತು.

‘ಏನಾಗಿದೆಯೋ ಅದಕ್ಕೆ, ನೆಗಡಿನಾ?’ ಎಂದೆ.

‘ತಮಾಷೆ ಅಲ್ಲಪ್ಪಾ. ಕಂಪನಿಯವರು ಕೊಟ್ಟಿರೋ ಏರ್ ಫಿಲ್ಟರ್ ಡಬ್ಬಿ ಗಾಳಿಗೆ ಅಡ್ಡ. ಅದನ್ನ ತೆಗೆದು ಕೋನ್ ಫಿಲ್ಟರ್ ಕಿಟ್ ಹಾಕಿದ್ರೆ ಪಿಕಪ್ ಜಾಸ್ತಿ ಆಗುತ್ತೆ. ಒಂಬತ್ತು ಸಾವಿರ ಅಷ್ಟೇ.’

ಅಪ್ಪನಾದವನು ಅಲ್ಲೇ ‘ಬೇಡ’ ಅನ್ನಬೇಕಿತ್ತು. ಆದರೆ ನನ್ನ ಕಣ್ಣು ಷೋಕೇಸಿನ ಕಡೆ ಹೋಯಿತು. ಅಲ್ಲಿ ಗೀರು ಬಿದ್ದ ಒಂದು ಪಿಸ್ಟನ್ ಇದೆ. ಅದನ್ನು ಇಟ್ಟುಕೊಂಡು ಯಾವ ಬಾಯಲ್ಲಿ ಬುದ್ಧಿ ಹೇಳಲಿ?

ಚಾಮುಂಡಿ ಬೆಟ್ಟದ ಅರ್ಧ ದಾರಿ

1986ರ ಮಾತು. ಆಗ ಮೈಸೂರಿನ ಹುಡುಗರಿಗೆ ಬೈಕ್ ಎಂದರೆ ಯೆಜ್ಡಿ. ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾಗುತ್ತಿದ್ದ ಗಾಡಿ ಎಂಬ ಹೆಮ್ಮೆ ಬೇರೆ. ಬ್ಯಾಂಕಿನಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ ನಾನೂ ಒಂದು ಸೆಕೆಂಡ್ ಹ್ಯಾಂಡ್ ಯೆಜ್ಡಿ ಕೊಂಡಿದ್ದೆ. ‘ಏರ್ ಫಿಲ್ಟರ್ ಕಿತ್ತು ಹಾಕು, ಗಾಡಿ ಹಾರುತ್ತೆ’ ಎಂದು ಗೆಳೆಯರು ಹೇಳಿದರು. ಕಿತ್ತೆ. ಶಬ್ದವೇನೋ ಹುಲಿ ಗರ್ಜಿಸಿದ ಹಾಗೆ ಬಂತು. ಮೂರನೇ ದಿನ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಆಕ್ಸಿಲರೇಟರ್ ಪೂರ್ತಿ ತಿರುವಿ ಚಾಮುಂಡಿ ಬೆಟ್ಟ ಹತ್ತಿಸಿದೆ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ‘ಕಿರ್’ ಎಂದು ಕಚ್ಚಿಕೊಂಡಿತು. ಪುಣ್ಯಕ್ಕೆ ಕೈ ತಾನಾಗಿಯೇ ಕ್ಲಚ್ ಹಿಡಿಯಿತು, ಬೀಳಲಿಲ್ಲ. ಕಿಕ್ ಹೊಡೆದರೆ ಪೆಡಲ್ ಅಲುಗಲೇ ಇಲ್ಲ. ನ್ಯೂಟ್ರಲ್‌ನಲ್ಲಿ ಉರುಳಿಸಿಕೊಂಡು ಕೆಳಗೆ ಬಂದೆವು.

ಮೇಸ್ತ್ರಿ ಸಿಲಿಂಡರ್ ಬಿಚ್ಚಿ ಪಿಸ್ಟನ್ ತೋರಿಸಿದರು. ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು. ‘ಗಾಳಿ ಜಾಸ್ತಿ ಕೊಟ್ರಿ. ಪೆಟ್ರೋಲ್ ಯಾರು ಜಾಸ್ತಿ ಕೊಡ್ತಾರೆ ಸ್ವಾಮಿ?’ ಎಂದರು.

ಅವರು ಹೇಳಿದ್ದು ಇಷ್ಟು. ಕಾರ್ಬುರೇಟರ್‌ನ ಒಳಗೆ ಪೆಟ್ರೋಲ್ ಬರುವ ಸಣ್ಣ ತೂತಿನ ಜೆಟ್ ಇರುತ್ತದೆ. ಫಿಲ್ಟರ್ ಇದ್ದಾಗ ಎಷ್ಟು ಗಾಳಿ ಬರುತ್ತದೋ ಅದಕ್ಕೆ ತಕ್ಕ ಹಾಗೆ ಆ ತೂತಿನ ಅಳತೆ. ಫಿಲ್ಟರ್ ತೆಗೆದರೆ ಗಾಳಿ ಹೆಚ್ಚುತ್ತದೆ, ಪೆಟ್ರೋಲ್ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಮಿಶ್ರಣ ತೆಳುವಾಗಿ ಎಂಜಿನ್ ವಿಪರೀತ ಕಾಯುತ್ತದೆ. ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಅದರ ಎಂಜಿನ್‌ಗೆ ಬೇಕಾದ ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆ. ಕಾದ ಪಿಸ್ಟನ್ ಹಿಗ್ಗಿ ಸಿಲಿಂಡರ್ ಗೋಡೆಗೆ ಕಚ್ಚಿಕೊಂಡಿತ್ತು.

ಈ ಕಥೆಯನ್ನೆಲ್ಲ ಮಗನಿಗೆ ಹೇಳಿದೆ. ಅವನು ನಕ್ಕ. ‘ಅದು ಕಾರ್ಬುರೇಟರ್ ಕಾಲ ಅಪ್ಪಾ. ಇದು ಫ್ಯುಯೆಲ್ ಇಂಜೆಕ್ಷನ್. ಸೈಲೆನ್ಸರ್ ಪೈಪಿನಲ್ಲಿ ಆಮ್ಲಜನಕ ಅಳೆಯೋ ಸೆನ್ಸರ್ ಇದೆ. ಗಾಳಿ ಎಷ್ಟು ಬಂದರೆ ಪೆಟ್ರೋಲ್ ಎಷ್ಟು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ.’

ಅವನ ಮಾತು ಸರಿಯಾಗಿತ್ತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ‘ಆಯ್ತು, ಹಾಕೋಣ. ಆದರೆ ಮೊದಲು ಅಳೆಯೋಣ, ಹಾಕಿದ ಮೇಲೂ ಅಳೆಯೋಣ’ ಎಂದು ಷರತ್ತು ಹಾಕಿದೆ.

ಒಂದು ಲೀಟರ್ ಪೆಟ್ರೋಲ್, ಹತ್ತು ಟ್ಯಾಂಕ್ ಗಾಳಿ

ಪೆಟ್ರೋಲ್ ಸರಿಯಾಗಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆ.ಜಿ. ತೂಗುತ್ತದೆ. ಅಂದರೆ ಅದಕ್ಕೆ 11 ಕೆ.ಜಿ. ಗಾಳಿ ಬೇಕು. ಮೈಸೂರಿನ ಎತ್ತರದಲ್ಲಿ, ಸಾಧಾರಣ ಬಿಸಿಲಿನ ದಿನ, ಅಷ್ಟು ಗಾಳಿ ಸುಮಾರು 10,000 ಲೀಟರ್ ಜಾಗ ಹಿಡಿಯುತ್ತದೆ. ನಮ್ಮ ಮನೆಗಳ ಮೇಲಿರುವ ಸಾವಿರ ಲೀಟರಿನ ನೀರಿನ ಟ್ಯಾಂಕ್ ಹತ್ತನ್ನು ನೆನೆಸಿಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಖರ್ಚಾಗುವಷ್ಟರಲ್ಲಿ ಕಾರು ಅಷ್ಟು ಗಾಳಿಯನ್ನು ಎಳೆದುಕೊಂಡಿರುತ್ತದೆ.

ಹಾಗಾಗಿ ಎಂಜಿನ್‌ನ ಶಕ್ತಿಗೆ ಗಾಳಿಯೇ ಮೂಲ ಎಂಬ ಮಗನ ವಾದ ಸುಳ್ಳಲ್ಲ. ವಿಶ್ವ ರ್‍ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಕಾರುಗಳು ಮಿತಿಮೀರಿ ಓಡಬಾರದೆಂದು ಮಾಡುವ ಉಪಾಯವೂ ಇದೇ, ಮೂಗು ಹಿಡಿಯುವುದು. ಗಾಳಿ ಒಳಹೋಗುವ ದಾರಿಯಲ್ಲಿ ಇಷ್ಟೇ ಅಗಲದ ಬಳೆಯೊಂದನ್ನು ಕೂರಿಸಬೇಕೆಂದು ನಿಯಮವಿತ್ತು. 2017ರಲ್ಲಿ ಆ ಬಳೆಯ ಅಗಲವನ್ನು 33 ಮಿಲಿಮೀಟರ್‌ನಿಂದ 36ಕ್ಕೆ ಹಿಗ್ಗಿಸಿದರು. ಕಾರುಗಳ ಶಕ್ತಿ ಸುಮಾರು 300 ಅಶ್ವಶಕ್ತಿಯಿಂದ 380ರ ಹತ್ತಿರಕ್ಕೆ ಏರಿತು. ಮೂರು ಮಿಲಿಮೀಟರಿನ ಮಹಿಮೆ!

ಇಲ್ಲಿ ಇನ್ನೊಂದು ಮಾತಿದೆ. ಎಂಜಿನ್‌ಗೆ ಬೇಕಿರುವುದು ಗಾಳಿಯ ತೂಕ. ಬಿಸಿ ಗಾಳಿ ಹಿಗ್ಗಿ ತೆಳುವಾಗಿರುತ್ತದೆ, ಅಷ್ಟೇ ಜಾಗದಲ್ಲಿ ಆಮ್ಲಜನಕ ಕಡಿಮೆ. ಗಾಳಿ ಸುಮಾರು 3 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಸಾಂದ್ರತೆ ನೂರಕ್ಕೆ ಒಂದು ಪಾಲು ಇಳಿಯುತ್ತದೆ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಪ್ಪು ಡಬ್ಬಿಯ ನಾಲ್ಕು ಕೆಲಸ

ಬಾನೆಟ್ ಎತ್ತಿದರೆ ಕಾಣುವ ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಒಳಗೆ ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದದ ಫಿಲ್ಟರ್ ಇರುತ್ತದೆ. ದೂಳು ತಡೆಯುವುದು ಅದರ ಮೊದಲ ಕೆಲಸ. ರಸ್ತೆಯ ದೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಅವು ಎಂಜಿನ್‌ನ ಕಬ್ಬಿಣಕ್ಕಿಂತ ಗಟ್ಟಿ. ತಲೆಗೂದಲಿನ ದಪ್ಪದ ಐದನೇ ಒಂದರಷ್ಟಿರುವ, ಕಣ್ಣಿಗೆ ಕಾಣದ ಕಣಗಳೇ ಹೆಚ್ಚು ಅಪಾಯ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಸೇರಿಕೊಂಡು ಉಪ್ಪುಕಾಗದದ ಹಾಗೆ ಉಜ್ಜುತ್ತವೆ.

ಎರಡನೆಯದು ತಣ್ಣನೆಯ ಗಾಳಿ ತರುವುದು. ಡಬ್ಬಿಯಿಂದ ಹೊರಟ ಕೊಳವೆಯ ಬಾಯಿ ಸಾಮಾನ್ಯವಾಗಿ ಕಾರಿನ ಮುಂಭಾಗದಲ್ಲಿ, ರೇಡಿಯೇಟರ್‌ನ ಮೇಲ್ಭಾಗದ ಹತ್ತಿರ, ಹೊರಗಿನ ಗಾಳಿ ಸಿಗುವಂತೆ ಇರುತ್ತದೆ. ಮೂರನೆಯದು ನೀರಿನಿಂದ ರಕ್ಷಣೆ. ಬಾಯಿ ಅಷ್ಟು ಎತ್ತರದಲ್ಲಿರುವುದಕ್ಕೆ ಅದೂ ಕಾರಣ.

ನಾಲ್ಕನೆಯದು ಶಬ್ದ ಅಡಗಿಸುವುದು. ಕೊಳವೆಯ ಪಕ್ಕದಲ್ಲಿ ಎಲ್ಲಿಗೂ ದಾರಿಯಿಲ್ಲದ ಸಣ್ಣ ಡಬ್ಬಿಯೊಂದು ಅಂಟಿಕೊಂಡಿರುವುದನ್ನು ಕೆಲವು ಕಾರುಗಳಲ್ಲಿ ನೋಡಬಹುದು. ಮಕ್ಕಳೇ, ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿ ನೋಡಿ, ‘ಹೂಂ’ ಎಂಬ ಒಂದೇ ಸ್ವರ ಬರುತ್ತದೆ. ಸ್ವಲ್ಪ ನೀರು ತುಂಬಿ ಊದಿದರೆ ಸ್ವರ ಏರುತ್ತದೆ. ಒಳಗಿನ ಗಾಳಿಯ ಅಳತೆಗೆ ತಕ್ಕ ಸ್ವರ ಅದು. ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದರು. ಆ ಸಣ್ಣ ಡಬ್ಬಿಯೂ ಒಂದು ಬಾಟಲಿಯೇ. ಎಂಜಿನ್ ಗಾಳಿ ಎಳೆಯುವಾಗ ಬರುವ ಕರ್ಕಶ ಸ್ವರಕ್ಕೆ ಎದುರು ಅಲೆ ಹುಟ್ಟಿಸಿ ಅದನ್ನು ತಗ್ಗಿಸುತ್ತದೆ.

ಇದೆಲ್ಲ ನನಗೆ ಈಗ ಗೊತ್ತು. ಆಗ ನಮ್ಮಿಬ್ಬರಿಗೂ ಅದು ಗಾಳಿಗೆ ಅಡ್ಡ ನಿಂತ ಡಬ್ಬಿ ಮಾತ್ರ.

ಸ್ಟಾಪ್‌ವಾಚ್ ಹೇಳಿದ್ದು

ನಂಜನಗೂಡು ಕಡೆ ಬೆಳಿಗ್ಗೆ ಆರಕ್ಕೆ ಖಾಲಿ ಇರುವ ಒಂದು ನೇರ ರಸ್ತೆ ಆರಿಸಿಕೊಂಡೆವು. ಮೂರನೇ ಗೇರಿನಲ್ಲಿ ಗಂಟೆಗೆ 40ರಿಂದ 80 ಕಿ.ಮೀ. ವೇಗ ತಲುಪಲು ಎಷ್ಟು ಸೆಕೆಂಡ್ ಎಂದು ಅಳೆಯುವುದು. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ, ಸರಾಸರಿ ನನ್ನ ನೋಟ್‌ಬುಕ್ಕಿಗೆ. ಜೊತೆಗೆ ಮಗ ಡ್ಯಾಷ್‌ಬೋರ್ಡ್ ಕೆಳಗಿನ ಸಾಕೆಟ್ಟಿಗೆ ಪುಟ್ಟ ಸ್ಕ್ಯಾನರ್ ಸಿಕ್ಕಿಸಿ, ಎಂಜಿನ್‌ಗೆ ಹೋಗುವ ಗಾಳಿಯ ಉಷ್ಣತೆ ಮೊಬೈಲಿನಲ್ಲಿ ಕಾಣುವಂತೆ ಮಾಡಿದ.

ಮೊದಲು ಇದ್ದ ಹಾಗೆಯೇ ಅಳೆದೆವು: 12.1 ಸೆಕೆಂಡ್. ಆಮೇಲೆ ಡಬ್ಬಿ ಬಿಚ್ಚಿದರೆ ಫಿಲ್ಟರ್ ಕಾಫಿಪುಡಿ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷದಿಂದ ಬದಲಿಸಿರಲಿಲ್ಲ. 350 ರೂಪಾಯಿ ಕೊಟ್ಟು ಅದೇ ಕಂಪನಿಯ ಹೊಸ ಕಾಗದದ ಫಿಲ್ಟರ್ ಹಾಕಿದೆವು: 11.5 ಸೆಕೆಂಡ್. ಮಗನ ಮುಖ ಸ್ವಲ್ಪ ಬಾಡಿತು.

ಮರುವಾರ ಕಿಟ್ ಬಂತು. ಕಪ್ಪು ಡಬ್ಬಿ ಹೋಗಿ, ಎಂಜಿನ್ ಪಕ್ಕದಲ್ಲೇ ಕೆಂಪು ಬಣ್ಣದ ಕೋನ್ ಫಿಲ್ಟರ್ ಕೂತಿತು. ಆಕ್ಸಿಲರೇಟರ್ ಒತ್ತಿದರೆ ‘ಬುಸ್’ ಎಂಬ ಸದ್ದು. ನನಗೂ ನಲವತ್ತು ವರ್ಷ ಕಡಿಮೆಯಾದ ಹಾಗಾಯಿತು. ‘ನೋಡಪ್ಪಾ, ಎಷ್ಟು ಪಿಕಪ್!’ ಎಂದ ಮಗ. ಹೌದೆಂದೇ ನನಗೂ ಅನಿಸಿತು. ಅಳೆದರೆ 11.9 ಸೆಕೆಂಡ್! ಹೊಸ ಕಾಗದದ ಫಿಲ್ಟರಿಗಿಂತ ನಿಧಾನ.

ಕಾರಣ ಮೊಬೈಲಿನಲ್ಲಿತ್ತು. ಹಳೆಯ ಡಬ್ಬಿಯಿದ್ದಾಗ ಊರೊಳಗಿನ ಟ್ರಾಫಿಕ್‌ನಲ್ಲಿ ಒಳಹೋಗುವ ಗಾಳಿ 38 ಡಿಗ್ರಿ ತೋರಿಸುತ್ತಿತ್ತು. ಈಗ 61 ಡಿಗ್ರಿ. ಕೋನ್ ಫಿಲ್ಟರ್ ಎಂಜಿನ್‌ನ ಕಾವಿನಲ್ಲಿ ಕೂತು ಬಿಸಿ ಗಾಳಿಯನ್ನೇ ಎಳೆಯುತ್ತಿತ್ತು. ಮೇಲೆ ಹೇಳಿದ ಲೆಕ್ಕ ಹಾಕಿ: 23 ಡಿಗ್ರಿ ಎಂದರೆ ಗಾಳಿ ನೂರಕ್ಕೆ ಏಳು ಪಾಲು ತೆಳು. ಖಾಲಿ ರಸ್ತೆಯಲ್ಲಿ ವೇಗ ಹಿಡಿದಾಗ ಕಾವು ಇಳಿಯುತ್ತಿತ್ತು, ಆದರೂ ಹಳೆಯ ಡಬ್ಬಿಯಷ್ಟು ತಣ್ಣಗೆ ಆಗಲೇ ಇಲ್ಲ. ಸದ್ದು ಹೆಚ್ಚಿತ್ತು, ಅದನ್ನೇ ನಮ್ಮ ಕಿವಿ ಶಕ್ತಿ ಎಂದುಕೊಂಡಿತ್ತು.

ಮಗ ಸೋಲೊಪ್ಪಲಿಲ್ಲ. ಉದ್ದನೆಯ ಪೈಪ್ ತಂದು, ಫಿಲ್ಟರನ್ನು ಕೆಳಗಿಳಿಸಿ, ಬಂಪರ್‌ನ ಹಿಂದೆ, ಫಾಗ್ ಲ್ಯಾಂಪಿನ ಪಕ್ಕಕ್ಕೆ ಒಯ್ದ. ಅಲ್ಲಿ ನೇರವಾಗಿ ಹೊರಗಿನ ತಣ್ಣನೆಯ ಗಾಳಿ. ಈಗ 11.3 ಸೆಕೆಂಡ್. ಮಗ ಕುಣಿದಾಡಿದ. ನೋಟ್‌ಬುಕ್ ನೋಡಿ ನಾನು ಹೇಳಿದೆ: ‘350 ರೂಪಾಯಿಗೆ 0.6 ಸೆಕೆಂಡ್ ಸಿಕ್ಕಿತು. ಒಂಬತ್ತು ಸಾವಿರಕ್ಕೆ 0.2. ಅದೂ ನಾನು ಬಟನ್ ಒತ್ತೋದರಲ್ಲಿ ಆಗೋ ವ್ಯತ್ಯಾಸದಷ್ಟೇ ಕಣೋ.’ ಹೇಳಿದೆನೇ ಹೊರತು ತೆಗೆಸಲಿಲ್ಲ. ಅವನ ಖುಷಿ ಕೆಡಿಸುವ ಮನಸ್ಸಾಗಲಿಲ್ಲ. ಫಿಲ್ಟರ್ ಈಗ ನೆಲದಿಂದ ಒಂದು ಗೇಣು ಮೇಲಿದೆ ಎಂಬುದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ.

ಅಂಡರ್‌ಪಾಸಿನಲ್ಲಿ

ಸೆಪ್ಟೆಂಬರ್‌ನಲ್ಲಿ ನನ್ನ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ತೋರಿಸಲು ಮಗನೇ ಬೆಂಗಳೂರಿಗೆ ಕರೆದೊಯ್ದ. ಸಂಜೆ ವಾಪಸು ಹೊರಟಾಗ ಮಳೆ ಹುಯ್ಯುತ್ತಿತ್ತು. ಒಂದು ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ಮುಂದಿದ್ದ ಎರಡು ಕಾರು, ಒಂದು ಆಟೊ ಸಲೀಸಾಗಿ ದಾಟಿದವು. ಅರ್ಧ ಚಕ್ರದಷ್ಟೇ ನೀರು. ಇವನೂ ಇಳಿಸಿದ. ನಡುವೆ ‘ಟಕ್’ ಎಂದು ಒಂದು ಸದ್ದು, ಎಂಜಿನ್ ನಿಂತಿತು.

ಮಗ ನನಗೆ ಫೋನ್ ಮಾಡಿದ. ಹಿಂದಿನಿಂದ ಹಾರ್ನ್‌ಗಳ ಗಲಾಟೆ, ನಡುವೆ ಅಮ್ಮನ ‘ರಾಮ ರಾಮ’ ಕೇಳುತ್ತಿತ್ತು. ‘ಅಪ್ಪಾ, ಗಾಡಿ ನಿಂತುಹೋಯ್ತು. ನೀರು ಕಾಲ ಹತ್ತಿರ ಬರ್ತಿದೆ. ಏನ್ ಮಾಡ್ಲಿ?’

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ‘ಇನ್ನೊಂದು ಸಲ ಸ್ಟಾರ್ಟ್ ಮಾಡು’ ಎಂದೆ.

ಅವನು ಕೀ ತಿರುಗಿಸಿದ. ‘ಟಕ್’ ಎಂದಷ್ಟೇ ಬಂತು. ಕೊನೆಗೆ ನಾಲ್ಕು ಜನ ಅಪರಿಚಿತರು ಸೇರಿ ಕಾರು ತಳ್ಳಿದರು. ಅಮ್ಮನನ್ನು ಒಬ್ಬ ಆಟೊ ಚಾಲಕ ಕೈ ಹಿಡಿದು ಇಳಿಸಿ ತನ್ನ ಗಾಡಿಯಲ್ಲಿ ಕೂರಿಸಿಕೊಂಡ. ರಾತ್ರಿ ಇಬ್ಬರೂ ಬಸ್ಸಿನಲ್ಲಿ ಮೈಸೂರಿಗೆ ಬಂದರು. ಮರುದಿನ ಕಾರು ಲಾರಿಯ ಮೇಲೆ ಬಂತು.

ಮೇಸ್ತ್ರಿ ಎಂಜಿನ್ ಬಿಚ್ಚಿ ಕನೆಕ್ಟಿಂಗ್ ರಾಡ್ ಕೈಗೆ ಕೊಟ್ಟರು. ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಉಕ್ಕಿನ ತೋಳು ಅದು, ಬಗ್ಗಿಹೋಗಿತ್ತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ನಮ್ಮ ಕಾರಿನ ಪ್ರತಿ ಸಿಲಿಂಡರ್ ಸುಮಾರು 300 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 30 ಸಿಸಿಗಿಂತ ಕೊಂಚ ಹೆಚ್ಚು, ಎರಡು ಟೇಬಲ್ ಚಮಚದಷ್ಟು. ಅದಕ್ಕಿಂತ ಹೆಚ್ಚು ನೀರು ಒಳಹೋದರೆ ಪಿಸ್ಟನ್ ಗೋಡೆಗೆ ಗುದ್ದಿದಂತೆ ನಿಲ್ಲುತ್ತದೆ. ಕೆಳಗಿನಿಂದ ಬರುವ ಬಲಕ್ಕೆ ರಾಡ್ ಬಾಗುತ್ತದೆ. ಹೈಡ್ರೊಲಾಕ್ ಎನ್ನುವುದು ಇದನ್ನೇ.

‘ನಾನು ಮತ್ತೆ ಸ್ಟಾರ್ಟ್ ಮಾಡು ಅಂದಿದ್ದಕ್ಕೆ ಹೀಗಾಯ್ತಾ ಮೇಸ್ತ್ರಿ?’ ಎಂದು ಕೇಳಿದೆ.

‘ನಿಂತಾಗಲೇ ಬಗ್ಗಿತ್ತೋ, ಕೀ ತಿರುಗಿಸಿದಾಗ ಬಗ್ಗಿತೋ, ಹೇಳಕ್ಕಾಗಲ್ಲ ಸಾರ್. ಆದರೆ ನೀರಲ್ಲಿ ನಿಂತ ಗಾಡೀನ ಮತ್ತೆ ಸ್ಟಾರ್ಟ್ ಮಾಡಬಾರದಿತ್ತು’ ಎಂದರು.

ಖರ್ಚು 68,400 ರೂಪಾಯಿ. ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ನೀರು ಹೋಗಿ ಎಂಜಿನ್ ಕೆಟ್ಟರೆ ಪರಿಹಾರ ಸಿಗಲು ಪ್ರತ್ಯೇಕ ಎಂಜಿನ್ ರಕ್ಷಣೆಯ ಕಂತು ಕಟ್ಟಿರಬೇಕಂತೆ, ನಾವು ಕಟ್ಟಿರಲಿಲ್ಲ. ಕಿಟ್ ಹಾಕಿದ್ದನ್ನೂ ತಿಳಿಸಿರಲಿಲ್ಲ.

ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಅಮ್ಮ ಅವನ ಪಕ್ಕ ಕೂತು, ‘ದೇವರು ಮನುಷ್ಯನಿಗೆ ಮೂಗನ್ನ ಮುಖದ ಮೇಲೆ ಇಟ್ಟ ಕಣಪ್ಪ. ನೀನು ಕಾರಿಗೆ ಮೂಗನ್ನ ಪಾದದಲ್ಲಿ ಇಟ್ಟೆ. ನಿಮ್ಮಪ್ಪನಿಗಾದರೂ ಬುದ್ಧಿ ಬೇಡವಾ?’ ಎಂದರು. ಅವನಿಗೆ ನಗು ಬಂತು. ನನಗೂ ಬೇರೆ ದಾರಿ ಇರಲಿಲ್ಲ.

ತಿಳಿದು ಮಾಡಿದವರು

ಗಾಳಿಯ ದಾರಿಯನ್ನು ಬದಲಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ಮರಳುಗಾಡಿಗೆ ಹೋದ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳಿಗೆ ಮೂಗಿನ ಕೆಳಗೆ ‘ವೋಕ್ಸ್’ ಎಂಬ ದೊಡ್ಡ ಫಿಲ್ಟರ್ ಕೂರಿಸಿದ್ದರು. ಮರಳೇನೋ ನಿಂತಿತು, ವಿಮಾನದ ವೇಗವೂ ಕುಗ್ಗಿತು. ಆಗ ಈಜಿಪ್ಟಿನ ಅಬುಕಿರ್‌ನಲ್ಲಿದ್ದ ವಾಯುಪಡೆಯ ರಿಪೇರಿ ಘಟಕದವರು ತಾವೇ ಚಿಕ್ಕದಾದ, ಗಾಳಿಗೆ ಕಡಿಮೆ ಅಡ್ಡಿಯಾಗುವ ಫಿಲ್ಟರ್ ತಯಾರಿಸಿದರು. ವೇಗ ಬೇಕೆಂದು ಅವರು ಫಿಲ್ಟರನ್ನೇ ಕಿತ್ತೆಸೆಯಲಿಲ್ಲ. ಮರಳು ತಡೆಯುವ ಕೆಲಸವನ್ನು ಉಳಿಸಿಕೊಂಡೇ ಅಡ್ಡಿಯನ್ನು ಕಡಿಮೆ ಮಾಡಿದರು.

ಹಳ್ಳ–ಹೊಳೆ ದಾಟುವ ಜೀಪುಗಳು ಸ್ನಾರ್ಕೆಲ್ ಎಂಬ ಕೊಳವೆಯನ್ನು ಚಾವಣಿಯವರೆಗೆ ಏರಿಸಿಕೊಳ್ಳುವುದೂ ಇದೇ ಬಗೆಯ ಕೆಲಸ. ರೇಸಿಗೆ ಇಳಿಯುವವರು ದೊಡ್ಡ ಫಿಲ್ಟರ್ ಹಾಕಿದರೆ ಅದಕ್ಕೆ ತಕ್ಕಂತೆ ಇಂಧನ, ಕಿಡಿಯ ಸಮಯ ಎಲ್ಲವನ್ನೂ ಹೊಂದಿಸುತ್ತಾರೆ, ಮತ್ತೆ ಮತ್ತೆ ಎಂಜಿನ್ ಬಿಚ್ಚಿ ನೋಡುತ್ತಾರೆ. ಆಫೀಸು, ಆಸ್ಪತ್ರೆ, ಮದುವೆ ಮನೆ ಎಂದು ಓಡಾಡುವ ನಮ್ಮ ಕಾರಿನ ಸಂಗತಿ ಬೇರೆ.

ನಿಮ್ಮ ಗಾಡಿಗೆ ಇಷ್ಟು ಮಾಡಿ

* ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಕಿ.ಮೀ.ಗೆ ಏರ್ ಫಿಲ್ಟರ್ ಬದಲಿಸಿ. ಮಣ್ಣುರಸ್ತೆಯಲ್ಲಿ ಓಡಾಡುವವರು ಅದಕ್ಕೂ ಮುಂಚೆಯೇ ಬದಲಿಸಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ.

* ಹೊಸ ಫಿಲ್ಟರ್ ಹಾಕಿದರೆ ಮೈಲೇಜ್ ಏರುತ್ತದೆ ಎಂಬ ಮಾತು ಕಾರ್ಬುರೇಟರ್ ಕಾಲದ್ದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದ ಕುಗ್ಗುವುದು ಪಿಕಪ್, ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಕಂಡುಬಂತು.

* ಡಬ್ಬಿಯ ಕ್ಲಿಪ್ಪುಗಳು ಸರಿಯಾಗಿ ಕೂತಿವೆಯೇ, ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಿ. ಸಂದಿಯಿಂದ ನುಗ್ಗುವ ದೂಳನ್ನು ಯಾವ ಫಿಲ್ಟರೂ ತಡೆಯದು.

* ಗಾಳಿ ಎಳೆಯುವ ಕೊಳವೆಯ ಬಾಯಿ ಎಲ್ಲಿದೆ ಎಂದು ಬಾನೆಟ್ ಎತ್ತಿ ಒಮ್ಮೆ ನೋಡಿಕೊಳ್ಳಿ. ನೀರು ಅಷ್ಟು ಎತ್ತರಕ್ಕೆ ಏಳುವ ಸಂಭವವಿದ್ದರೆ ಗಾಡಿ ಇಳಿಸಬೇಡಿ.

* ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಳಗಿದ್ದವರನ್ನು ಮೊದಲು ಇಳಿಸಿ, ಆಮೇಲೆ ತಳ್ಳಿಸಿ.

* ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಏನನ್ನಾದರೂ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ.

ಎಂಜಿನ್ ಮತ್ತೆ ಜೋಡಿಸುವ ದಿನ ನಾವಿಬ್ಬರೂ ಗ್ಯಾರೇಜಿಗೆ ಹೋದೆವು. ಅಟ್ಟದ ಮೇಲೆ ಎಸೆದಿದ್ದ ಕಪ್ಪು ಡಬ್ಬಿಯನ್ನು ಮಗ ತೊಳೆದು, ಒರೆಸಿ ತಂದಿದ್ದ. ಅದರ ಕೊಳವೆಯ ಬಾಯಿಯನ್ನು ತಾನೇ ಹಳೆಯ ಜಾಗಕ್ಕೆ ಕೂರಿಸಿ, ‘ಅಪ್ಪಾ, ಇದು ಮೊದಲಿಂದಲೂ ಹೊರಗಿನ ತಣ್ಣನೆ ಗಾಳಿಯನ್ನೇ ತಗೋತಿತ್ತು. ನಾನು ನೋಡೇ ಇರಲಿಲ್ಲ’ ಎಂದ.

ಈಗ ಅವನು ಕೊನೆಯ ವರ್ಷದಲ್ಲಿದ್ದಾನೆ. ಮೊನ್ನೆ ಅವನ ಗೆಳೆಯನೊಬ್ಬ ಬೈಕಿಗೆ ಕೋನ್ ಫಿಲ್ಟರ್ ಹಾಕಿಸಬೇಕೆಂದು ಕೇಳಲು ಮನೆಗೆ ಬಂದಿದ್ದ. ಮಗ ಬೇಡವೆಂದೂ ಹೇಳಲಿಲ್ಲ, ಹಾಕೆಂದೂ ಹೇಳಲಿಲ್ಲ. ಷೋಕೇಸ್ ತೆರೆದು, ನನ್ನ ಪಿಸ್ಟನ್ ಪಕ್ಕದಲ್ಲಿದ್ದ ಬಗ್ಗಿದ ರಾಡನ್ನು ಅವನ ಕೈಗಿಟ್ಟು, ‘ಮೊದಲು ಕೂತ್ಕೋ. ಎರಡು ಕಥೆ ಹೇಳ್ತೀನಿ’ ಎಂದ.